ಬಲಗಿವಿ, ಒಂದು ಕಚ್ಚು

ನನ್ನನ್ನು ಕಂಡ ಕೂಡಲೇ ಏಜಾಜ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧಕ್ಕೆ ಇಳಿಸಿದ. ನನಗೆ ಅಷ್ಟೇ ಸಾಕಾಯಿತು.

ಉಮದಿಯ ಬಸ್ ಸ್ಟ್ಯಾಂಡಿನ ಎದುರಿಗಿರುವುದು ಅವನ ಅಪ್ಪ ಅಲ್ಲಾಉದ್ದೀನ ಕಾಕಾನ ಝೆರಾಕ್ಸ್ ಅಂಗಡಿ. ಅಂಗನವಾಡಿಯ ಕಾಗದಪತ್ರ ಹಿಡಿದುಕೊಂಡು ಹದಿನೈದು ವರ್ಷದಿಂದ ನಾನು ಆ ಮೆಟ್ಟಿಲು ಹತ್ತುತ್ತಿದ್ದೇನೆ. ಏಜಾಜ ನನ್ನ ತೀರಿಹೋದ ತಮ್ಮ ರಾಜಕುಮಾರನ ಗೆಳೆಯ. ಇಬ್ಬರೂ ಜತ್ತದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಂಪ್ಯೂಟರ್ ಕಲಿತವರು. ಅವನು ನನ್ನೆದುರು ಈ ಮೊದಲು ಯಾವತ್ತೂ ಏನನ್ನೂ ಮುಚ್ಚಿರಲಿಲ್ಲ.

“ಬರ್ರಿ ನಂದಕ್ಕಾ, ಕುಂದ್ರಿ. ಚಾ ಹೇಳ್ಲೇನು?”

“ಚಾ ಸುಡಗಾಡಿಗಿ ಹೋಗ್ಲಿ. ಏನ್ ಮುಚ್ಚಿದಿ?”

“ಏನಿಲ್ರಿ. ಹಟ್ಟೀದ ಕೆಲಸಾ ನಡದೈತಿ.”

“ಹಟ್ಟಿ ನನ್ನ ತಮ್ಮಂದು. ಅದನ್ಯಾಕ ನನಗ ಮುಚ್ಚತಿ?”

ಅವನು ನಕ್ಕ. ಹಲ್ಲು ಕಂಡವು, ಕಣ್ಣು ಮಾತ್ರ ನಗಲಿಲ್ಲ. ಮುಚ್ಚಳವನ್ನು ಮತ್ತೆ ಎತ್ತುವ ಹೊತ್ತಿಗೆ ಅಲ್ಲಿ ಬೇರೆ ಏನೋ ತೆರೆದುಕೊಂಡಿತ್ತು.

ನಾನು ಅನುಮಾನದ ಹೆಂಗಸು ಅಂತ ನಮ್ಮೂರು ಮಾಡಗ್ಯಾಳದಲ್ಲಿ ಎಲ್ಲರಿಗೂ ಗೊತ್ತು. ಇರಲಿ, ನನಗೇನು. ಅಂಗನವಾಡಿ ಸೇವಿಕಾ ನಾನು. ಮಕ್ಕಳ ಅಕ್ಕಿ ಬೇಳೆಯ ಚೀಲ ಬಂದರೆ ತೂಗದೆ ಸಹಿ ಹಾಕುವವಳಲ್ಲ. ಗಂಡನ ಮನೆಯಲ್ಲಿ ಮೂರು ವರ್ಷ ಎಲ್ಲರ ಮಾತನ್ನೂ ನಂಬಿಕೊಂಡಿದ್ದೆ, ಆ ನಂಬಿಕೆಯ ಪೆಟ್ಟು ತಿಂದೇ ತವರಿಗೆ ವಾಪಸು ಬಂದೆ. ಅಂದಿನಿಂದ ಹಾಲು ಬೆಳ್ಳಗಿದೆ ಎಂದು ಯಾರಾದರೂ ಹೇಳಿದರೂ ಒಂದು ಸಲ ಬಗ್ಗಿ ನೋಡುತ್ತೇನೆ.

ಹಟ್ಟಿ ಎಂದರೆ ರಾಜು ಮಾಡಿದ ಕಂಪ್ಯೂಟರ್ ಪ್ರೋಗ್ರಾಮು. ನಮ್ಮ ಊರ ಕುರಿಗೆ ದೂರದೂರ ಹೆಸರಿದೆ. ಬಾಗಿದ ಗಿಣಿಮೂಗು, ಜೋತುಬಿದ್ದ ಉದ್ದ ಕಿವಿ. ಆದರೆ ಚೆಲುವಾದ ಒಂದೇ ಟಗರನ್ನು ಹತ್ತು ಹಿಂಡಿಗೆ ಬಿಟ್ಟರೆ ನಾಲ್ಕು ವರ್ಷದಲ್ಲಿ ಅಪ್ಪ ಯಾರು, ಮಗಳು ಯಾರು ಎಂಬುದು ಗೊತ್ತಾಗದೆ ಮರಿಗಳು ಸೊರಗಿ ಹುಟ್ಟುತ್ತವೆ. ಪ್ರತಿ ಕುರಿಯ ತಾಯಿ, ತಂದೆಯನ್ನು ಹಟ್ಟಿಯಲ್ಲಿ ಬರೆದಿಟ್ಟರೆ, ಟಗರು ಬಿಡುವ ಮುಂಚೆಯೇ ಈ ರಕ್ತ ಹತ್ತಿರದ್ದು, ಬೇಡ ಎಂದು ಅದು ಹೇಳುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಓಪನ್ ಸೋರ್ಸ್ ಅಂದರೆ ಹೀಗೆ ಎಂದು ರಾಜು ತಿಳಿಸಿ ಹೇಳಿದಾಗ ಅವ್ವ, “ಬಾಗಲಾ ತೆರದ ಇಟ್ಟರ ನಾಯಿ ಒಳಗ ಬರೂದಿಲ್ಲೇನು?” ಎಂದು ಕೇಳಿದ್ದಳು. ಅವಳ ಮಗಳು ನಾನು, ಬೇರೆ ಹೇಗಿದ್ದೇನು?

ರಾಜು ಎರಡು ಸಾವಿರದ ಹದಿನಾರರ ಶ್ರಾವಣದಲ್ಲಿ ಕಾಮಣಿಯಾಗಿ, ಕಣ್ಣು ಮೈ ಹಳದಿಗಟ್ಟಿ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ, ಮದುವೆ ಇಲ್ಲ, ಮಕ್ಕಳಿಲ್ಲ. ಹೊಲದ ಉತಾರದಿಂದ ಅವನ ಹೆಸರು ತೆಗೆದರು. ರೇಶನ್ ಕಾರ್ಡಿನಿಂದ ತೆಗೆದರು. ಮತದಾರರ ಯಾದಿಯಿಂದ ತೆಗೆಯಲು ನಾನೇ ಹೋಗಿ ಫಾರ್ಮು ತುಂಬಿ ಬಂದೆ. ಅವನು ಈ ಭೂಮಿಯ ಮೇಲೆ ಇದ್ದ ಎಂದು ಹೇಳುವ ಒಂದು ಬರಹ ಉಳಿದಿದ್ದರೆ ಅದು ಹಟ್ಟಿಯಲ್ಲಿ ಮಾತ್ರ.

ಈಗ ಅದಕ್ಕೂ ಕುತ್ತು ಬಂದಿತ್ತು. ಹಟ್ಟಿಯ ಒಳಗಿನ ಬರಹವೆಲ್ಲ ಮೊದಲಿನಿಂದಲೂ ಪುಣೆಯ ಕಡೆಯ ಒಂದು ಸರ್ವರಿನಲ್ಲಿ, ಸಬ್‌ವರ್ಷನ್ ಎಂಬ ಪದ್ಧತಿಯಲ್ಲಿ ಇತ್ತು. ಅಲ್ಲಿ ಒಂದು ಸಾಲು ತಿದ್ದಿದರೂ ಏನು ತಿದ್ದಿದೆ ಎಂದು ಬರೆದು ಒಪ್ಪಿಸಬೇಕು. ಅದು ತಾರೀಖು ಹಾಕಿ ನಮೂದು ಮಾಡಿ ಇಟ್ಟುಕೊಳ್ಳುತ್ತದೆ. ಹದಿನಾಲ್ಕು ವರ್ಷದಲ್ಲಿ ಒಂದು ಸಾವಿರದ ನಾನೂರ ಹನ್ನೆರಡು ನಮೂದು. ತಿಂಗಳ ಕೊನೆಗೆ ಸರ್ವರ್ ಬಂದ್ ಮಾಡುತ್ತೇವೆ ಎಂದು ಅಲ್ಲಿಂದ ಪತ್ರ ಬಂತು. ಅಷ್ಟರೊಳಗೆ ಎಲ್ಲವನ್ನೂ ಗಿಟ್ ಎಂಬ ಹೊಸ ಪದ್ಧತಿಗೆ ಒಯ್ಯಬೇಕು. ಒಯ್ಯುವ ಕೆಲಸ ಏಜಾಜನ ಕೈಯಲ್ಲಿ.

ತೊಡಕು ಎಲ್ಲಿತ್ತು ಎಂದರೆ ಹೊಸ ಕಡೆ ಪ್ರತಿ ನಮೂದಿನ ಮುಂದೆ ಅದನ್ನು ಮಾಡಿದವರ ಸ್ವಂತ ಹೆಸರು ಬರಬೇಕು. ಹಳೆಯ ಕಡೆ ಇದ್ದದ್ದು ರಾಜು ತೆರೆದ ಒಂದೇ ಖಾತೆ. ಆಗ ನೆಟ್ ಇದ್ದದ್ದು ಅಲ್ಲಾಉದ್ದೀನ ಕಾಕಾನ ಅಂಗಡಿಯ ಒಂದು ಕಂಪ್ಯೂಟರಿನಲ್ಲಿ. ಯಾರು ಕೂತರೂ ಅದೇ ಖಾತೆ, ಅದೇ ಪಾಸ್‌ವರ್ಡ್. ಹಾಗಾದರೆ ಯಾವುದು ಯಾರದು? ಅದಕ್ಕೆ ನಮ್ಮ ಹುಡುಗರು ಕುರಿಯವರ ದಾರಿಯನ್ನೇ ಹಿಡಿದಿದ್ದರು.

ಮೇಯಲು ಬಿಟ್ಟಾಗ ಹಿಂಡುಗಳು ಒಂದರೊಳಗೊಂದು ಬೆರೆಯುತ್ತವೆ. ಆದ್ದರಿಂದ ಮರಿಯಿದ್ದಾಗಲೇ ಕಿವಿಯ ಅಂಚು ಚೂರು ಕತ್ತರಿಸಿ ಮನೆಯ ಗುರುತಿನ ಕಚ್ಚು ಹಾಕುವುದು ನಮ್ಮ ಓಣಿಯ ಹಳೆಯ ಪದ್ಧತಿ. ನಮ್ಮ ಮನೆಯದು ಬಲಗಿವಿ, ಒಂದು ಕಚ್ಚು. ಅಣ್ಣತಮ್ಮಂದಿರು ಹಿಂಡು ಹಂಚಿಕೊಂಡರೆ ಹಿರಿಯನಿಗೆ ಬಲಗಿವಿ ಉಳಿಯುತ್ತದೆ. ಕಿರಿಯ ಅದೇ ಕಚ್ಚನ್ನು ಎಡಗಿವಿಗೆ ಹಾಕಿಕೊಳ್ಳುತ್ತಾನೆ. ರಾಜು ಒಬ್ಬನೇ ಗಂಡುಮಗ, ಹಾಗಾಗಿ ನಮ್ಮ ಎಡಗಿವಿ ಖಾಲಿ. ಈಗ ಸರಕಾರದ ಹಳದಿ ಬಿಲ್ಲೆ ಬಂದಿದೆ, ಯಾರೂ ಕಚ್ಚು ಹಾಕುವುದಿಲ್ಲ, ಆದರೆ ಯಾರ ಮನೆಯ ಗುರುತು ಯಾವುದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ರಾಜು ತನ್ನ ನಮೂದಿನ ಕೊನೆಗೆ ‘ಬಲಗಿವಿ, ಒಂದು ಕಚ್ಚು’ ಎಂದು ಬರೆಯುತ್ತಿದ್ದ. ಬಾಲಗಾಂವದ ಸೋಮಲಿಂಗ ಮಾಸ್ತರ ಹಟ್ಟಿಗೆ ಮರಾಠಿ, ಕನ್ನಡ ಎರಡೂ ಮಾತು ಕೂಡಿಸಿಕೊಟ್ಟವರು. ಅವರದು ‘ಎರಡೂ ಕಿವಿ, ತುದಿ’. ಹೀಗೆ ಗುರುತು ನೋಡಿ ಹೆಸರು ಹಾಕಿದರಾಯಿತು, ಸಣ್ಣ ಮಕ್ಕಳ ಕೆಲಸ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ನನ್ನ ತಲೆಗೆ ಹೊಕ್ಕ ಹುಳ ಅದೇ.

“ಒಂದ ಕೆಲಸಾ ಮಾಡು,” ಎಂದೆ ಏಜಾಜನಿಗೆ. “ಎಲ್ಲಾ ನಮೂದು ಕಾಗದದ ಮ್ಯಾಲ ತಗದ ಕೊಡು. ನಾನ ಎಣಸ್ತೀನಿ.”

“ಭಾಳ ಹಾಳಿ ಆಗ್ತಾವ್ರಿ ಅಕ್ಕಾ. ತಾರೀಖು, ಏನ ತಿದ್ದೀವಿ ಅನ್ನೂದು, ಎಲ್ಲಾ ಕೂಡಿ...”

“ತಾರೀಖು ಕಟಗೊಂಡ ನಾ ಏನ್ ಮಾಡ್ಲಿ? ಯಾರ ಗುರುತು ಐತಿ, ಅಷ್ಟ ತಗಿ.”

“ಅಕ್ಕಾ, ತಾರೀಖು ಇದ್ದರ ಚಲೋ ಆಗ್ತಿತ್ತು.”

“ನನಗ ಶಾಣ್ಯಾತನಾ ಕಲಸಬ್ಯಾಡ.”

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಲ್ಲಾಉದ್ದೀನ ಕಾಕಾ ಯಂತ್ರದ ಹಿಂದಿನಿಂದ, “ಬೇಟಿ ಹೇಳಿದಂಗ ಮಾಡೋ,” ಅಂದರು. ಗುರುತುಗಳ ಸಾಲು ಮಾತ್ರ ಇದ್ದ ಇಪ್ಪತ್ತೊಂಬತ್ತು ಹಾಳೆ ನನ್ನ ಚೀಲ ಸೇರಿದವು.

ಎರಡು ದಿನ ಅಂಗನವಾಡಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಪೆನ್ಸಿಲಿನಿಂದ ಗೀಟು ಹಾಕಿ ಎಣಿಸಿದೆ. ಬಲಗಿವಿ ಒಂದು ಸಾವಿರದ ನೂರಾ ಐದು. ಎರಡೂ ಕಿವಿ ಮುನ್ನೂರಾ ಏಳು. ಕೂಡಿಸಿದೆ, ಸರಿಯಾಗಿ ತಾಳೆಯಾಯಿತು. ಏಜಾಜನದು ಎಂದು ಹೇಳುವಂಥ ಗುರುತು ಒಂದೂ ಇರಲಿಲ್ಲ. ಎಲಾ ಇವನ! ರಾಜು ಇದ್ದಾಗ ಹಗಲೆಲ್ಲ ಅವನ ಪಕ್ಕದಲ್ಲಿ ಕೂತು ಇವನು ಮಾಡಿದ್ದು ಏನು, ಬರೀ ಚಹಾ ಕುಡಿದದ್ದೇ? ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯೂ ಆಯಿತು.

ಕೋಳಿಗೆ ಕಾಳು ಹಾಕುತ್ತಿದ್ದ ಅವ್ವ, “ಏನ ಎಣಸಾಕತ್ತಿ?” ಎಂದು ಕೇಳಿದಳು. ನನ್ನ ಅವ್ವ ಮಲಕವ್ವನಿಗೆ ಓದು ಬಾರದು, ಆದರೆ ನೂರು ಕುರಿಯನ್ನು ಬೆನ್ನು ನೋಡಿ ಗುರುತಿಸುತ್ತಾಳೆ. ಅವಳಿಗೆ ಇದೆಲ್ಲ ಯಾಕೆ ಎಂದು, “ಅಂಗನವಾಡೀದು,” ಅಂದುಬಿಟ್ಟೆ.

ಮರುದಿನ ಸೋಮಲಿಂಗ ಮಾಸ್ತರಿಗೆ ಫೋನು ಮಾಡಿದೆ. ಅವರು ಹತ್ತು ವರ್ಷದ ಹಿಂದೆಯೇ ಬೇರೆ ತಾಲೂಕಿಗೆ ವರ್ಗವಾಗಿ ಹೋಗಿ ಹಟ್ಟಿಯ ಕೆಲಸ ಬಿಟ್ಟಿದ್ದರು. ಅವರ ಬಾಯಿಂದ ಹೊಸ ಸುದ್ದಿ ಹೊರಬಿತ್ತು. ಸೋಲಾಪುರದ ಕಡೆಯ ಒಂದು ಕಾಲೇಜಿನವರು ಹಟ್ಟಿಯನ್ನು ನೋಡಿಕೊಂಡು ಹೋಗಲು ಒಬ್ಬರನ್ನು ನೌಕರಿಗೆ ತೆಗೆದುಕೊಳ್ಳುತ್ತಿದ್ದಾರೆ, ಏಜಾಜ ಅರ್ಜಿ ಹಾಕಿದ್ದಾನೆ, ಹೊಸ ದಾಖಲೆಯಲ್ಲಿ ಯಾರ ಹೆಸರಿನ ಮುಂದೆ ಎಷ್ಟು ಕೆಲಸವಿದೆ ಎಂದು ನೋಡಿಯೇ ಕರೆಯುತ್ತಾರೆ.

“ಹಂಗನ್ರಿ ಮಾಸ್ತರ!” ಎಂದೆ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು.

“ಅವಂದೂ ಭಾಳ ಕೆಲಸ ಐತಿ ನಂದಾ, ನೀ ತಿಳದಂಗ...”

ನಾನು ಫೋನು ಇಟ್ಟುಬಿಟ್ಟೆ. ಮಾಸ್ತರರನ್ನೂ ಒಳಗೆ ಹಾಕಿಕೊಂಡಿದ್ದಾನೆ ಎಂದುಕೊಂಡೆ.

ಸಂತೆಯ ದಿನ ಬೇಕೆಂತಲೇ ಹೇಳದೆ ಕೇಳದೆ ಉಮದಿಗೆ ಹೋದೆ. ಏಜಾಜ ಗಿರಾಕಿಯೊಬ್ಬರ ಕಾಗದ ಕತ್ತರಿಸುತ್ತಿದ್ದ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ವಹಿ ತೆರೆದು ಬಿದ್ದಿತ್ತು. ಅವನ ಕೈಬರಹದಲ್ಲಿ ಮೂರು ಸಾಲು: ಸೋಮಲಿಂಗ ಮಾಸ್ತರ 307. ರಾಜಕುಮಾರ 493. ಏಜಾಜ 612.

ನನ್ನ ಮೈಯೆಲ್ಲ ಉರಿದುಹೋಯಿತು. ಸತ್ತವನ ಬಾಯಿಗೆ ಮಣ್ಣು ಹಾಕಿದ ಮೇಲೂ ಅವನ ಜೇಬಿಗೆ ಕೈ ಹಾಕುವವರು ಇರುತ್ತಾರೆಯೇ?

“ಇದೇನಲೇ?” ಎಂದು ವಹಿಯನ್ನು ಅವನ ಮುಖದ ಮುಂದೆ ಹಿಡಿದೆ. “ಬಲಗಿವಿ ಸಾವಿರದ ನೂರಾ ಐದು ಐತಿ. ನಾ ಒಂದೊಂದ ಎಣಸೇನಿ. ಅದರಾಗ ಆರ್ನೂರಾ ಹನ್ನೆರಡು ನಿನ್ನ ಹೆಸರಿಗಿ ಹೆಂಗ ಬಂತು?”

“ಅಕ್ಕಾ, ಒಳಗ ಬರ್ರಿ, ಹೇಳ್ತೀನಿ...”

“ಒಳಗ್ಯಾಕ? ನಾಕ ಮಂದಿ ಮುಂದ ಹೇಳು!”

ನಾಲ್ಕಲ್ಲ, ಎಂಟು ಮಂದಿ ಇದ್ದರು. ಸಂತೆಯ ದಿನ, ಅಂಗಡಿ ತುಂಬಿತ್ತು. ಏಜಾಜನ ಮುಖ ಕೆಂಪಾಯಿತು. “ಆ ಗುರುತಿನಾಗ ನಂದೂ ಕೆಲಸ ಐತ್ರಿ ಅಕ್ಕಾ,” ಎಂದ ಸಣ್ಣ ದನಿಯಲ್ಲಿ. “ನಾವಿಬ್ಬರೂ...”

“ನಿಂದ? ಬಲಗಿವಿ ನಿಂದ ಯಾವಾಗ ಆತು? ನಿಮ್ಮನ್ಯಾಗ ಹಿಂಡ ಐತೇನು? ಒಂದ ಕುರೀ ಕಿವಿ ಮ್ಯಾಲರ ನಿಮ್ಮ ಗುರುತ ಐತೇನು? ನೌಕರಿ ಬೇಕಂದ್ರ ಬ್ಯಾರೇ ಯಾರದರ ಮನೀ ಬಾಗಲಾ ಬಡಿ, ನನ್ನ ತಮ್ಮನ ಗೋರಿ ಅಗೀಬ್ಯಾಡ.”

ಯಂತ್ರದ ಸದ್ದು ನಿಂತಿತು. ಅಲ್ಲಾಉದ್ದೀನ ಕಾಕಾ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಏಜಾಜ ಕೈಯಲ್ಲಿದ್ದ ಕಾಗದವನ್ನು ಗಿರಾಕಿಗೆ ಕೊಟ್ಟು ಬಂದು ಕುರ್ಚಿಯ ಮೇಲೆ ಕೂತ.

“ಆತ್ರಿ ಅಕ್ಕಾ,” ಎಂದ. “ಕಿವಿ ಏನ ಹೇಳತೈತಿ, ಹಂಗ ಬರೀತೀನಿ.”

“ನನ್ನ ಮುಂದ ಬರಿ.”

ಬರೆದ. ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಬಲಗಿವಿ, ಒಂದು ಕಚ್ಚು ಎಂದರೆ ರಾಜಕುಮಾರ. ಎರಡೂ ಕಿವಿ, ತುದಿ ಎಂದರೆ ಸೋಮಲಿಂಗ. ಎರಡೇ ಸಾಲಿನ ಯಾದಿ. ಅದನ್ನು ಓದಿಕೊಂಡು ಯಂತ್ರ ತಾನೇ ಎಲ್ಲ ನಮೂದುಗಳನ್ನು ಹೊಸ ಕಡೆಗೆ ಸಾಗಿಸತೊಡಗಿತು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ನಡುವೆ ಅವನು ಒಮ್ಮೆ ಮಾತ್ರ ನನ್ನ ಕಡೆ ತಿರುಗಿದ.

“ಅಕ್ಕಾ, ಇನ್ನೊಮ್ಮೆ ವಿಚಾರ ಮಾಡ್ರಿ. ಮಂದಿ ಇದರ ನಕಲಾ ತಗೊಂಡ ಮ್ಯಾಲ ಹೆಸರು ತಿದ್ದಾಕ ಹ್ವಾದರ ಎಲ್ಲಾರ ನಕಲಾ ಕೆಡ್ತಾವ. ಆಮ್ಯಾಲ ಏನೂ ಮಾಡಾಕ ಬರೂದಿಲ್ಲ.”

ನನ್ನನ್ನು ಹೆದರಿಸುತ್ತಿದ್ದಾನೆ ಎಂದುಕೊಂಡೆ. “ಒತ್ತು,” ಎಂದೆ. ಒತ್ತಿದ.

ತಿಂಗಳ ಕೊನೆಗೆ ಹಳೆಯ ಸರ್ವರ್ ಬಂದ್ ಆಯಿತು. ಹೊಸ ಕಡೆಯಿಂದ ಕಾಲೇಜಿನವರು ನಕಲು ತೆಗೆದುಕೊಂಡರು, ಆಂಧ್ರದ ಕಡೆಯ ಒಂದು ಕುರಿ ಸಂಘದವರು ತೆಗೆದುಕೊಂಡರು, ಮೂವತ್ತೆರಡು ಹಿಂಡಿನವರ ಫೋನಿಗೆ ಹೋಯಿತು. ನನ್ನ ಫೋನಿನಲ್ಲೂ ತೆರೆದು ನೋಡಿದೆ. ರಾಜಕುಮಾರ, 1105. ಆ ಅಂಕಿಯ ಮೇಲೆ ಬೆರಳಾಡಿಸುತ್ತಾ ಅತ್ತೆ. ತಮ್ಮಾ, ಯಾರ ಬಾಯಿಗೂ ಬೀಳದ ಹಾಗೆ ನಿನ್ನನ್ನು ಕಾಯ್ದೆ ಎಂದುಕೊಂಡೆ.

ಆದರೂ ಹುಳ ಸಾಯಲಿಲ್ಲ. ಏಜಾಜ ಅಷ್ಟು ಸುಲಭವಾಗಿ ಸೋತದ್ದು ಯಾಕೆ? ಜಗಳವಾಡಲಿಲ್ಲ, ಆಣೆ ಮಾಡಲಿಲ್ಲ, ನಾಲ್ಕು ಮಂದಿಯನ್ನು ಕೂಡಿಸಲಿಲ್ಲ. ಕಳ್ಳನಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾಲೇಜಿನವರು ಅವನನ್ನು ಕರೆಯಲಿಲ್ಲ ಎಂಬ ಸುದ್ದಿ ಮೂರು ವಾರದ ಮೇಲೆ ಬಸ್ಸಿನಲ್ಲಿ ಕಿವಿಗೆ ಬಿತ್ತು. ದಾಖಲೆಯಲ್ಲಿ ಅವನ ಹೆಸರೇ ಇಲ್ಲವಂತೆ. ಆಗಬೇಕಾದ್ದು ಆಯಿತು ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಒಂದು ಮಧ್ಯಾಹ್ನ ಅವ್ವ ಬೇವಿನ ಗಿಡದ ಕೆಳಗೆ ಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದಳು. ನಾನು ಫೋನು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

“ಯಾವಾಗಲೂ ಅದನ್ನ ನೋಡ್ತಿ. ಏನೈತಿ ಅದರಾಗ?”

“ರಾಜೂನ ಹಟ್ಟಿ ಅವ್ವಾ. ಅವ ಮಾಡಿದ್ದೆಲ್ಲಾ ಸಾಲಾಗಿ ಐತಿ.”

“ಹೌದಾ? ಓದ, ಕೇಳ್ತೀನಿ.”

ಹೊಸ ಕಡೆಯಲ್ಲಿ ಹೆಸರು, ತಾರೀಖು, ಏನು ತಿದ್ದಿದ್ದು, ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು. ನಾನು ಮೊದಲಿನಿಂದ ಶುರು ಮಾಡಿದೆ. ‘ಮೊದಲ ದಿನ. ತಾಯಿಯ ಹೆಸರು, ಮರಿಯ ಹೆಸರು, ಇಷ್ಟೇ. ಬಲಗಿವಿ, ಒಂದು ಕಚ್ಚು.’ ಅವ್ವ ತಲೆಯಾಡಿಸಿದಳು. ‘ಅವ್ವನ ಕರಿಕಿವಿ ಕುರಿ ಎರಡು ಸಲ ಎಣಿಕೆಯಾಗುತ್ತಿತ್ತು, ಸರಿ ಮಾಡಿದೆ. ಬಲಗಿವಿ, ಒಂದು ಕಚ್ಚು.’ ಅವ್ವ ನಕ್ಕಳು. “ಅದು ಹಂಗಾ ಇತ್ತು ನೋಡು, ಎಲ್ಲಿ ನೋಡಿದ್ರೂ ಅದಾ.”

ಹೀಗೆ ಬೆರಳಿನಿಂದ ಸರಿಸುತ್ತಾ, ಒಂದೊಂದು ಓದುತ್ತಾ ಮುಂದೆ ಹೋದೆ. ಹೋಗಿ ಒಂದು ಸಾಲಿನ ಹತ್ತಿರ ನಿಂತೆ.

‘ರಾಜು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿದೆ. ಮೂರು ತಲೆಮಾರು ನೋಡುವುದು ಈಗ ನಡೆಯುತ್ತದೆ. ಬಲಗಿವಿ, ಒಂದು ಕಚ್ಚು.’

ಮುಂದೆ ಹೆಸರು: ರಾಜಕುಮಾರ. ತಾರೀಖು: ಎರಡು ಸಾವಿರದ ಹದಿನಾರು, ನವೆಂಬರ್. ನಾವು ರಾಜುವನ್ನು ಮಣ್ಣು ಮಾಡಿ ಮೂರು ತಿಂಗಳಾಗಿತ್ತು.

“ಯಾಕ ನಿಂದ್ರಿಸಿದಿ? ಮುಂದ ಓದ,” ಎಂದಳು ಅವ್ವ.

ತಾರೀಖನ್ನು ಇನ್ನೊಮ್ಮೆ ಓದಿಕೊಂಡೆ. ಸರಿಸಿದೆ. ಹದಿನೆಂಟನೆಯ ಇಸವಿ, ಹತ್ತೊಂಬತ್ತನೆಯದು. ‘ಸಂತೆ ಬಂದ್, ಎಲ್ಲರೂ ಮನೆಯಲ್ಲಿ. ಫೋನಿನಲ್ಲೇ ತೆರೆಯುವ ಹಾಗೆ ಮಾಡಿದೆ. ಬಲಗಿವಿ, ಒಂದು ಕಚ್ಚು.’ ಅದು ಕೊರೋನಾದ ವರ್ಷ. ‘ಮಲಕವ್ವನ ಹಿಂಡಿನ ಟಗರು ಬದಲಿಸಬೇಕು, ರಕ್ತ ಹತ್ತಿರವಾಯಿತು. ಹೋಗಿ ಹೇಳಿ ಬರಬೇಕು. ಬಲಗಿವಿ, ಒಂದು ಕಚ್ಚು.’ ಅದು ಕಳೆದ ವರ್ಷದ್ದು. ಏಜಾಜ ಬಿಸಿಲಲ್ಲಿ ಗಾಡಿ ಹೊಡೆದುಕೊಂಡು ಬಂದು ಟಗರಿನ ವಿಷಯ ಹೇಳಿ, ಮಜ್ಜಿಗೆ ಕುಡಿದು ಹೋದದ್ದು ನನಗೆ ನೆನಪಿತ್ತು. ರಾಜು ಮಾಡಿಟ್ಟದ್ದು ಕಟ್ಟಿದ ಬಾವಿಯಲ್ಲಿ ನೀರು ಇರುವ ಹಾಗೆ ತಾನೇ ನಡೆದುಕೊಂಡು ಹೋಗುತ್ತಿದೆ ಎಂದು ಎಂಟು ವರ್ಷ ಅಂದುಕೊಂಡಿದ್ದೆ. ಯಾರೋ ನಡೆಸುತ್ತಿದ್ದಾರೆ ಎಂದು ಒಂದು ದಿನವಾದರೂ ಹೊಳೆದಿರಲಿಲ್ಲ.

“ಇವೆಲ್ಲಾ ಏಜಾಜನ್ವು,” ಎಂದಳು ಅವ್ವ, ಮರಿಯ ಬಾಯಿ ಒರೆಸುತ್ತಾ.

“ನಿನಗ ಹೆಂಗ ಗೊತ್ತು?”

“ಗೊತ್ತಿಲ್ದ ಏನು? ಮೊದಲ ಸಲ ಇಲ್ಲೇ ಕುಂತಿದ್ರು ಇಬ್ಬರೂ. ‘ಎಲ್ಲಾರೂ ತಮ್ಮ ತಮ್ಮ ಗುರುತ ಬರೀತಾರ, ನಮ್ಮನ್ಯಾಗ ಕುರೀನ ಇಲ್ಲ, ನಾ ಏನ ಬರೀಲಿ ಅವ್ವಾ’ ಅಂದ ಅಂವ. ರಾಜೂ, ‘ನಮ್ಮದ ಬರಿ’ ಅಂದ. ನಾನೂ ಹೂಂ ಅಂದೆ. ರಾಜೂ ಹ್ವಾದ ಮ್ಯಾಲ ಬಂದ ಕೇಳಿದ, ‘ಬಿಡ್ಲೇನ ಅವ್ವಾ’ ಅಂತ. ಬ್ಯಾಡ, ಮನೀ ಗುರುತ ನಡೀಲಿ ಅಂದೆ.”

“ನನಗ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ?”

ಕೇಳಲಿಲ್ಲ. ಅವಳು ಏನು ಎಣಿಸುತ್ತೀ ಎಂದಾಗ ಅಂಗನವಾಡಿಯದು ಎಂದು ಸುಳ್ಳು ಹೇಳಿದವಳು ನಾನು. ತಾರೀಖು ಬೇಡ ಎಂದವಳು ನಾನು. ಮಾಸ್ತರರ ಫೋನು ಇಟ್ಟವಳು ನಾನು. ಏಜಾಜ ಮುಚ್ಚಳ ಇಳಿಸಿದ್ದೂ ಈಗ ತಿಳಿಯಿತು: ಸತ್ತ ಗೆಳೆಯನ ಅಕ್ಕನೆದುರು, ಅವನ ಗುರುತಿನ ಮುಂದೆ ತನ್ನ ಹೆಸರು ಬರೆಯಲು ಅವನಿ‌ಗೆ ನಾಚಿಕೆಯಾಗಿತ್ತು. ನಾನು ಎಂಟು ಮಂದಿಯ ಮುಂದೆ ನಿಮಗೆ ಹಿಂಡಿದೆಯೇ, ಗುರುತಿದೆಯೇ ಎಂದು ಕೇಳಿದ್ದೆ. ಅಯ್ಯ ಶಿವನೇ, ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ?

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಮರಿಯ ಬೆನ್ನು ಸವರಿ ಅದನ್ನು ಕೆಳಗೆ ಬಿಟ್ಟಳು. ಆಮೇಲೆ ಒಂದೇ ಮಾತು ಹೇಳಿದಳು. ಅದನ್ನು ಕೇಳಿಸಿಕೊಂಡು ನಾನು ಮರುದಿನದ ಮೊದಲ ಬಸ್ಸು ಹತ್ತಿದೆ.

“ಬರ್ರಿ ಬಾಯಾರ,” ಎಂದರು ಅಲ್ಲಾಉದ್ದೀನ ಕಾಕಾ. ಹದಿನೈದು ವರ್ಷ ನನ್ನನ್ನು ಬೇಟಿ ಎಂದು ಕರೆದವರು. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಏಜಾಜ ಎದ್ದು ನಿಂತ. ನಾನು ಕೂರಲಿಲ್ಲ.

“ತಪ್ಪಾತು ಏಜಾಜ,” ಎಂದೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು, ಅವರಿಗೂ ಕೇಳಲಿ ಎಂದು ಜೋರಾಗಿಯೇ ಅಂದೆ. “ತಾರೀಖು ನೋಡಿದೆ. ಅವ್ವ ಹೇಳಿದ್ಲು. ನಿನ್ನ ಆರ್ನೂರಾ ಹನ್ನೆರಡೂ ನಾನಾ ಕಸಗೊಂಡೆ. ಈಗ ತಿದ್ದು, ನಿನ್ನ ಹೆಸರ ಹಾಕು.”

“ಬರೂದಿಲ್ರಿ ಅಕ್ಕಾ. ಮೊದಲಿಂದ ಬ್ಯಾರೇ ಆಗ್ತೈತಿ. ಮೂವತ್ತೆರಡು ಹಿಂಡಿನವರ ನಕಲಾ ಕೆಟ್ಟು ಹೋಗ್ತಾವ, ಈಗ ಟಗರ ಬಿಡೂ ಹೊತ್ತು. ಇರ್ಲಿ ಬಿಡ್ರಿ.”

“ನೌಕರಿ?”

“ಅದು ಭರ್ತಿ ಆತ್ರಿ.”

ಅವನು ಅದನ್ನು ಮಳೆ ಬಂತು, ಹೋಯಿತು ಎನ್ನುವ ಹಾಗೆ ಹೇಳಿದ. ನಾನು ಅಲ್ಲಿಂದಲೇ ಕಾಲೇಜಿಗೆ ಫೋನು ಹಚ್ಚಿದೆ, ತಪ್ಪು ನನ್ನದು ಎಂದೆ, ಮರಾಠಿಯಲ್ಲಿ ಗೋಗರೆದೆ. ಆ ಕಡೆಯವರು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು. ಆದರೆ ಬೇರೆಯವರು ಆಗಲೇ ಹಾಜರಾಗಿ ವಾರವಾಗಿತ್ತು.

“ನನಗೊಂದ ಖಾತೆ ತಗದ ಕೊಡು,” ಎಂದೆ ಏಜಾಜನಿಗೆ. “ನನ್ನ ಹೆಸರಿಲೆ.”

ಕೊಟ್ಟ. ಹಳೆಯ ನಮೂದನ್ನು ಮುಟ್ಟದೆ ಹೊಸದೊಂದು ಹಾಳೆಯನ್ನು ಕೂಡಿಸಲು ಬರುತ್ತದೆ ಎಂದು ತೋರಿಸಿಕೊಟ್ಟ. ಅದಕ್ಕೆ ‘ಮಾಡಿದವರು’ ಎಂದು ಹೆಸರಿಟ್ಟೆ. ಯಾವ ನಮೂದು ಯಾರದೆಂದು ಒಂದೊಂದಾಗಿ ಬರೆದಿಟ್ಟಿದ್ದ ಅವನ ವಹಿಯನ್ನು ಎದುರಿಗಿಟ್ಟುಕೊಂಡು, ಒಂದು ಬೆರಳಿನಿಂದ ಒತ್ತುತ್ತಾ ಬರೆದೆ. ‘ಬಲಗಿವಿಯ ಒಂದು ಸಾವಿರದ ನೂರಾ ಐದರಲ್ಲಿ ಆರ್ನೂರ ಹನ್ನೆರಡು ಏಜಾಜ ಅಲ್ಲಾಉದ್ದೀನ ಮಾಡಿದ್ದು. ಯಾವುವು ಎಂಬುದರ ಯಾದಿ ಕೆಳಗಿದೆ. ಒಯ್ಯುವಾಗ ಇವುಗಳ ಮುಂದೆ ತಪ್ಪು ಹೆಸರು ಬಂದದ್ದು ನನ್ನ ಅನುಮಾನದಿಂದ. ನಂದಾ, ರಾಜಕುಮಾರನ ಅಕ್ಕ.’ ಯಾದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಅವ್ವ ಹೇಳಿದ್ದನ್ನು ಸೇರಿಸಿದೆ: ‘ಇನ್ನು ಮುಂದೆ ಏಜಾಜನ ಗುರುತು: ಎಡಗಿವಿ, ಒಂದು ಕಚ್ಚು.’

ಏಜಾಜ ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದ. ಆ ಸಾಲಿಗೆ ಬಂದು ನಿಂತ. ಹಿಂಡಿಲ್ಲದ ಮನೆಯವನಾದರೂ ಈ ಸೀಮೆಯಲ್ಲಿ ಹುಟ್ಟಿದವನು, ಎಡಗಿವಿ ಎಂದರೆ ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಆದರೂ ಕೇಳಿದ.

“ಇದು ಯಾರ ಗುರುತ್ರಿ ಅಕ್ಕಾ?”

“ನಮ್ಮನೀ ಸಣ್ಣ ಮಗಂದು. ಅವ್ವ ಕಳಸ್ಯಾಳ.”

ಅವನು ಮುಖ ತಿರುಗಿಸಿಕೊಂಡು ಅಂಗಡಿಯ ಹಿಂದೆ ಹೋದ. ಅಲ್ಲಾಉದ್ದೀನ ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಚಾ ಕುಡೀತೀಯೇನ ಬೇಟಿ?” ಎಂದರು. ಹೂಂ ಎಂದೆ.

ಅವತ್ತು ಸಂಜೆ ನಾನು ಬಸ್ಸಿನಲ್ಲಿರುವಾಗ ಹಟ್ಟಿಯಲ್ಲಿ ಒಂದು ಹೊಸ ನಮೂದು ಬಂತು. ‘ನಂದಕ್ಕನ ಯಾದಿಯಲ್ಲಿ ಎರಡು ಅಂಕಿ ತಪ್ಪಿದ್ದವು, ತಿದ್ದಿದೆ. ಎಡಗಿವಿ, ಒಂದು ಕಚ್ಚು.’ ಮುಂದೆ ಏಜಾಜ ಎಂದು ಹೆಸರಿದೆ, ತಾರೀಖೂ ಇದೆ.